ಆಷಾಢದ ಓಟ

ಹಾಸನದಿಂದ ಮೊಸಳೆ ಎಂಬ ಹಳ್ಳಿಯವರೆಗೆ ಓಡಿ, ಅಲ್ಲಿಂದ ಮತ್ತೆ ಹಿಂದಕ್ಕೆ ಓಡಿ ಬರುವ ಕೆಲಸವನ್ನು ಯಾರೂ ಹೇಳದೆ, ಸಂಬಳವೂ ಇಲ್ಲದೆ ಒಬ್ಬ ಮನುಷ್ಯ ಯಾಕೆ ಮಾಡುತ್ತಾನೆ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಬಿ.ಎ. ಓದಿದವನಾದ್ದರಿಂದ ನನಗೆ ಉತ್ತರ ಗೊತ್ತಿರಬೇಕು ಎಂದು ಅವರ ನಂಬಿಕೆ. ನನಗೆ ಗೊತ್ತಿರುವುದು ಒಬ್ಬನ ಕಾರಣ ಮಾತ್ರ. ಅದು ನನ್ನದಲ್ಲ.

ಆ ದಿನಗಳಲ್ಲಿ ನಾನು ಡೈರಿ ಬರೆಯುತ್ತಿದ್ದೆ. ಆದರೆ ಓಡಿ ಬಂದವನಿಗೆ ಬರೆಯುವ ತ್ರಾಣ ಎಲ್ಲಿರುತ್ತದೆ? 'ಸಂಜೆ ಓಡಿದೆ. ಸೋನೆ ಮಳೆ. ಬಲಗಾಲಿಗೆ ಮುಳ್ಳು.' ಹೆಚ್ಚಿನ ಪುಟಗಳಲ್ಲಿ ಇಷ್ಟೇ ಇರುವುದು. ಉಳಿದದ್ದೆಲ್ಲ ನೆನಪು. ಈ ಸಂಗತಿಯನ್ನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿಸಲವೂ ಕೇಳಿದವರು ನಕ್ಕ ಜಾಗ ಸ್ವಲ್ಪ ಬೆಳೆದು, ನಗದ ಜಾಗ ಸವೆದುಹೋಗಿದೆ ಎಂಬ ಅನುಮಾನ ನನಗೇ ಇದೆ. ಅನುಮಾನ ಬಂದ ಕಡೆ ಹೇಳಿಬಿಡುತ್ತೇನೆ.

ಯುದ್ಧದ ಕಾಲ. ಮೈಸೂರಿನಲ್ಲಿ ಓದು ಮುಗಿಸಿ, ಅರಕಲಗೂಡಿನ ಮನೆಯಲ್ಲಿ ಒಂದಷ್ಟು ಕಾಲ ಕೆಲಸವಿಲ್ಲದೆ ಕೂತು, ಕಡೆಗೆ ಹಾಸನದಲ್ಲಿ ಮೇಷ್ಟ್ರಾಗಿದ್ದೆ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಏರು ಬಂದರೆ ಬಸ್ಸು ನಿಲ್ಲುತ್ತಿತ್ತು, ಟಿಕೆಟ್ಟು ಕೊಂಡವರೇ ಇಳಿದು ತಳ್ಳಬೇಕು. ಹಾಗೆ ಒಮ್ಮೆ ತಳ್ಳುವಾಗ ನನ್ನ ಪಕ್ಕದಲ್ಲಿದ್ದ ಮುದುಕರಿಗಿಂತ ಮೊದಲು ನನಗೇ ಏದುಸಿರು ಬಂತು. ಆ ನಾಚಿಕೆಯಿಂದಲೇ ಓಡಲು ಶುರುಮಾಡಿದೆ ಎಂದು ನಾನು ಬಹಳ ಕಾಲ ಹೇಳಿಕೊಂಡು ಬಂದೆ. ಡೈರಿ ತೆಗೆದು ನೋಡಿದರೆ, ಆ ಬಸ್ಸಿನ ಪ್ರಯಾಣಕ್ಕೂ ಮೊದಲಿನ ಪುಟದಲ್ಲೇ 'ಓಡಿದೆ' ಎಂದು ಇದೆ. ಅಲ್ಲಿಗೆ ನನ್ನ ಕಾರಣ ಬಿದ್ದುಹೋಯಿತು.

ಆಗ ರಸ್ತೆಯಲ್ಲಿ ಸುಮ್ಮನೆ ಓಡುವವರು ಇರಲಿಲ್ಲ. ಓಡುತ್ತಿದ್ದಾನೆಂದರೆ ಕಳ್ಳನಿರಬೇಕು, ಇಲ್ಲವೆ ಕಳ್ಳನನ್ನು ಹಿಡಿಯುವವನಿರಬೇಕು.

"ಮೇಷ್ಟ್ರೇ, ಯಾರ್ ಅಟ್ಟುಸ್ಕಂಡ್ ಬತ್ತಾವ್ರೆ?" ಎಂದು ಗಾಡಿ ಹೊಡೆಯುವವರು ಕೇಳುತ್ತಿದ್ದರು.

"ಯಾರೂ ಇಲ್ಲ."

"ಮತ್ತೆ ನಡ್ಕಂಡೇ ಓಗ್ಬೌದಲ್ಲ."

ಹೀಗಿರುವಾಗ ಒಂದು ಸಂಜೆ ಚನ್ನರಾಯಪಟ್ಟಣದ ರಸ್ತೆಯಲ್ಲಿ ಒಬ್ಬ ಯುವಕ ನನ್ನ ಪಕ್ಕ ಓಡತೊಡಗಿದ. ಅದೇ ರಸ್ತೆಯ ಮೇಲಿನ ಹಳ್ಳಿಯವನು. ಹೊಲ ಗದ್ದೆ ಚೆನ್ನಾಗಿದ್ದ ಮನೆ. ತಂದೆ ಇರಲಿಲ್ಲ, ತಾಯಿಯದೇ ಯಜಮಾನಿಕೆ. ಆ ಬೇಸಗೆಯಲ್ಲಷ್ಟೇ ಮದುವೆಯಾಗಿತ್ತು. ಬರಿಗಾಲು, ತಲೆಗೆ ಸುತ್ತಿದ ಬಿಳಿ ಟವೆಲು. "ನಾನೂ ಬತ್ತೀನಿ ಸಾ" ಎಂದವನು ಮಾರನೆಯ ದಿನವೂ ಬಂದ, ಆಮೇಲೆ ದಿನಾ ಬಂದ. ಯಾಕಪ್ಪಾ ಓಡುತ್ತೀಯ ಎಂದು ಕೇಳಿದರೆ "ಮೈ ಅಗುರಾಯ್ತದೆ ಸಾ" ಅಂದ. ಆ ಮಾತು ನನಗೆ ಬಹಳ ಹಿಡಿಸಿತು. ರೈತನ ಮಗನಿಗೂ ನನಗೂ ಒಂದೇ ಬಗೆಯ ಆನಂದ ಸಿಗುತ್ತಿದೆ ಎಂದುಕೊಂಡು, ಅವತ್ತು ಮಾತ್ರ ಡೈರಿಯಲ್ಲಿ ಮಾನವನ ಇಚ್ಛಾಶಕ್ತಿಯ ಬಗ್ಗೆ ಒಂದು ಪುಟ ಬರೆದಿದ್ದೇನೆ. ಈಗ ಅದನ್ನು ಓದಲು ಕಷ್ಟವಾಗುತ್ತದೆ.

ಆ ವರ್ಷ ಮಹಾರಾಜರ ಹುಟ್ಟುಹಬ್ಬಕ್ಕೆ ಊರಿನ ಕೆಲವು ಉತ್ಸಾಹಿಗಳು ಓಟದ ಪಂದ್ಯ ಇಟ್ಟರು. ಹಾಸನದ ಮೈದಾನದಿಂದ ಹೊರಟು, ಹೊಳೆನರಸೀಪುರದ ರಸ್ತೆ ಹಿಡಿದು, ಮೊಸಳೆಯ ಜೋಡಿ ಗುಡಿಗಳನ್ನು ಸುತ್ತಿ ವಾಪಸು ಬರಬೇಕು. ಗೆದ್ದವನಿಗೆ ಬೆಳ್ಳಿಯ ಲೋಟ. ನಾನು ಹೆಸರು ಕೊಟ್ಟು ಬಂದು ಅವನಿಗೆ ಹೇಳಿದೆ. ಲೋಟದ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ.

"ಮೊಸಳೆ ರಸ್ತೇಲೇ ತಾನೆ ಸಾ?"

"ಹೌದು."

"ಬ್ಯಾರೆ ರಸ್ತೆಗೆ ಬದಲಾಯಿಸಾಕಿಲ್ಲ ತಾನೆ?"

ಇಲ್ಲ ಎಂದೆ. ಹಾಗಿದ್ದರೆ ಈ ಭಾನುವಾರವೇ ಆ ರಸ್ತೆಯಲ್ಲಿ ಒಮ್ಮೆ ಓಡಿ ನೋಡೋಣ ಎಂದು ಅವನೇ ಹೊರಡಿಸಿದ.

ನನ್ನ ಹತ್ತಿರ ಓಟದ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಓಡುವಾಗ ಮಾತಾಡಬಾರದು, ಮೂಗಿನಲ್ಲೇ ಉಸಿರಾಡಬೇಕು, ದಾರಿಯಲ್ಲಿ ನೀರು ಕುಡಿಯಲೇಬಾರದು ಎಂದು ಅದರಲ್ಲಿತ್ತು. ಆ ಭಾನುವಾರ ಹೊರಡುವಾಗ ಅದನ್ನೆಲ್ಲ ಅವನಿಗೆ ಪಾಠ ಹೇಳಿದೆ. ಅವನು ತಲೆಯಾಡಿಸಿದ.

ಹಾಸನ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ಎರಡೂ ಕಡೆ ಮನೆಗಳಿರುವ ಒಂದು ಹಳ್ಳಿ ಬಂತು. ಅಲ್ಲಿಯತನಕ ನನ್ನ ಪಕ್ಕದಲ್ಲಿದ್ದವನು ಮುಂದಾದ. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಯಜಮಾನರು ಅವನನ್ನು ಕಂಡು ಎದ್ದು ನಿಂತರು. ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡು, ಒಳಗೆ ಹೋಗಿ, ಒಂದು ಚೊಂಬು ನೀರು ಹಿಡಿದು ಅಂಗಳಕ್ಕೆ ಓಡಿ ಬಂದರು. "ಏನಾಯ್ತಪ್ಪಾ?" ಎಂದು ಯಜಮಾನರು ಕೇಳಿದರು. ಅವನು ಬೇಡವೆಂದು ಕೈಯಾಡಿಸಿದ. ಬಾಯಿ ಬಿಗಿದಿತ್ತು, ಮೂಗು ಅರಳಿತ್ತು. ಕಣ್ಣು ಮಾತ್ರ ಆ ಮನೆಯ ಒಳಗೆ ಹುಡುಕುತ್ತಿತ್ತು. ನಿಲ್ಲದೆ ಮುಂದೆ ಹೋದ. ಹಿಂದೆ ನಾನು, ಅದೇ ಮುಖ ಮಾಡಿಕೊಂಡು.

ಮೊಸಳೆಯಲ್ಲಿ ಗುಡಿಯ ಮುಂದಿನ ಕಲ್ಲಿನ ಮೇಲೆ ಕೂತಾಗ ಮಾತು ಬಿಚ್ಚಿದ.

"ಅದು ನಮ್ ಮಾವ್ನೋರ ಮನೆ ಸಾ."

"ಹಾಗಾದರೆ ನಿಂತು ಮಾತಾಡಿಸಬಾರದಿತ್ತೆ?"

"ಆಸಾಡ ಅಲ್ವಾ ಸಾ."

ನಮ್ಮ ಕಡೆ ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟುವಂತಿಲ್ಲ. ಅದಕ್ಕೇ ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಅಳಿಯ ಆ ತಿಂಗಳು ಅತ್ತೆಯ ಮನೆಯ ಹೊಸಿಲು ತುಳಿಯುವಂತಿಲ್ಲ. ಶ್ರಾವಣದಲ್ಲಿ ಹೆಂಡತಿ ಗಂಡನ ಮನೆಗೆ ಬರುವತನಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇರಬೇಕು. ಅವಳು ತವರಿಗೆ ಹೊರಡುವ ಹಿಂದಿನ ದಿನ, ನೀನು ಮಾಡುವ ಸಾರಿಗಿಂತ ನಮ್ಮ ಎಮ್ಮೆಯ ಕಲಗಚ್ಚು ವಾಸಿ ಎಂದು ಇವನು ತಮಾಷೆ ಮಾಡಿದ್ದನಂತೆ. ಅವಳು ನಗಲಿಲ್ಲ. ಮಾರನೆಯ ದಿನ ಗಾಡಿ ಹತ್ತಿದಳು.

"ಅವ್ಳು ಬೇಜಾರಾಗವ್ಳೋ ಇಲ್ವೋ, ಒಂದ್ ಸಲ ಮಖ ನೋಡಿದ್ರೆ ಗೊತ್ತಾಗಾದು ಸಾ. ಒಳೀಕೆ ಓಗಂಗಿಲ್ಲ. ಆದ್ರೆ ರಸ್ತೆ ಸರ್ಕಾರದ್ದಲ್ವಾ? ರಸ್ತೇಲಿ ಓಡೋನ್ನ ಯಾರ್ ಬ್ಯಾಡ ಅಂತಾರೆ? ಅದ್ಕೇ ನಿಮ್ ಜೊತೆ ಓಡಾಕೆ ಸೇರ್ಕಂಡಿದ್ದು."

"ಈಗ ನೋಡಿದೆಯಾ?"

"ಎಲ್ಲಿ ಸಾ. ಬಾಗ್ಲ ತುಂಬ ಅತ್ತೆ ನಿಂತಿದ್ರು."

ನನ್ನ ಇಚ್ಛಾಶಕ್ತಿಯ ಪುಟ ಅಲ್ಲಿಗೆ ಮುಗಿಯಿತು. ಆದರೂ ನಗು ಬಂತು. ಬಹಳ ಹೊತ್ತು ಕೂತು ಹರಟಿ, ಗುಡಿಯ ನೆರಳಿನಲ್ಲಿ ಒಂದು ಜೊಂಪು ತೆಗೆದು, ನಿಧಾನವಾಗಿ ಹಿಂದಕ್ಕೆ ಹೊರಟೆವು.

ಬರುವಾಗ ಮಾವನ ಮನೆಗೆ ಬೀಗ ಬಿದ್ದಿತ್ತು. ಕೊಟ್ಟಿಗೆಯಲ್ಲಿ ಗಾಡಿ ಇರಲಿಲ್ಲ. ಎದುರುಮನೆಯ ಅಜ್ಜಿ ಇವನನ್ನು ಕಂಡದ್ದೇ ಸೆರಗನ್ನು ಬಾಯಿಗೆ ಒತ್ತಿಕೊಂಡಿತು.

"ಅಯ್ಯೋ ಮಗಾ, ನಿಂಗೆ ಇಂಗಾಗ್ಬಾರ್ದಾಗಿತ್ತು ಕಣಪ್ಪಾ."

"ಏನಜ್ಜೀ? ಇವ್ರೆಲ್ಲ ಎಲ್ಲೋದ್ರು?"

"ಎಲ್ಲಿಗಪ್ಪ ಓದಾರು, ನಿಮ್ಮನೇಗೇ."

ಅವನ ಮುಖ ಬೆಳ್ಳಗಾಯಿತು. ನಮ್ಮವ್ವ, ಎಂದ. ಆಮೇಲೆ ಅವನು ಓಡಿದ್ದಿದೆಯಲ್ಲ, ಅಂಥ ಓಟವನ್ನು ನಾನು ಮತ್ತೆ ಯಾವ ಪಂದ್ಯದಲ್ಲೂ ನೋಡಲಿಲ್ಲ. ಹಾಸನದ ಪೇಟೆಯ ನಡುವೆಯೇ ಹಾದು ಹೋದ. ನಾನು ಅವನ ಹಳ್ಳಿ ಮುಟ್ಟುವಾಗ ಅವನ ಮನೆಯ ಮುಂದೆ ಜನ ಸೇರಿದ್ದರು. ಒಳಗಿನಿಂದ ದೊಡ್ಡ ದನಿ ಕೇಳುತ್ತಿತ್ತು. ಅದು ಅವನ ತಾಯಿಯದೇ.

"ನಾನ್ ಸತ್ತೋದ್ನೇನ್ಲಾ? ಲೇ, ನಾನ್ ಸತ್ತೋದ್ನಾ? ಮುಟ್ ನೋಡ್ಲಾ."

ಆಗಿದ್ದು ಇಷ್ಟು. ಆ ಕಡೆ ಹಳ್ಳಿಗಳಲ್ಲಿ ಸಾವಿನ ಸುದ್ದಿ ತಂದವನಿಗೆ ಒಂದು ಕ್ರಮವಿತ್ತು. ಅವನು ಒಳಗೆ ಬರುವುದಿಲ್ಲ, ಕುಶಲ ಕೇಳುವುದಿಲ್ಲ, ಕೊಟ್ಟ ನೀರು ಕುಡಿಯುವುದಿಲ್ಲ, ಮುಂದಿನ ಊರಿನ ನೆಂಟರಿಗೂ ಹೇಳಬೇಕಾದ್ದರಿಂದ ನಿಲ್ಲುವುದಿಲ್ಲ. ಇವನು ಇಂಗ್ಲಿಷ್ ಪುಸ್ತಕದ ಪ್ರಕಾರ ಅದನ್ನೆಲ್ಲ ತಪ್ಪದೆ ಮಾಡಿದ್ದ. ಅಳಿಯ ಆಷಾಢದಲ್ಲಿ ಬರುವುದೇ ಇಲ್ಲ, ಬಂದದ್ದು ಓಡಿಕೊಂಡು, ಹಿಂದೆ ಸಾಕ್ಷಿಗೆ ಒಬ್ಬ ಮೇಷ್ಟ್ರು. ಬೀಗಿತ್ತಿ ತೀರಿಕೊಂಡರು ಎಂದು ತಿಳಿಯಲು ಇನ್ನೇನು ಬೇಕು? ಒಲೆಗೆ ನೀರು ಸುರಿದು, ಗಾಡಿ ಕಟ್ಟಿ, ಕೆರೆ ಏರಿಯ ಒಳದಾರಿಯಲ್ಲಿ ಮನೆಮಂದಿಯೆಲ್ಲ ಅಳುತ್ತಾ ಬಂದರು. ಗಾಡಿ ನಿಂತಾಗ ಯಾರು ಸತ್ತರೆಂದು ನೋಡಲು ಹೊರಗೆ ಬಂದವರು ಆ ಸತ್ತವರೇ. ಅವರನ್ನು ಕಂಡು ಹುಡುಗಿಯ ತಾಯಿ ಇನ್ನೂ ಜೋರಾಗಿ ಕಿರುಚಿದರಂತೆ.

"ಅವ್ಳೂ ಬಂದಿದ್ಲಾ?" ಎಂದು ಅವನು ಕೇಳಿದ.

"ಬರ್ದೆ? ಗಾಡೀಲೇ ಕುಂತಿದ್ಲು. ಇಳಿಯಂಗಿಲ್ವಲ್ಲ, ಆಸಾಡ. ಅಲ್ಲೀಗೇ ಬೆಲ್ಲ ನೀರು ಕೊಟ್ಟೆ."

"ಏನಂದ್ಲು?"

"ಏನೂ ಅನ್ಲಿಲ್ಲ. ಬೆಲ್ಲ ತಿಂದ್ಲು."

ಅವನು ಯಾರ ಮುಖ ನೋಡಲು ಅಷ್ಟು ದೂರ ಓಡಿದ್ದನೋ ಅವಳು ಇವನ ಮನೆಯ ಬಾಗಿಲಿಗೇ ಬಂದು ಹೋಗಿದ್ದಳು. ಆ ಹೊತ್ತಿನಲ್ಲಿ ಇವನು ಮೊಸಳೆಯಲ್ಲಿ ಮಲಗಿದ್ದ.

ಮಾವ ಹೊರಡುವಾಗ ಒಂದು ಮಾತು ಬಿಟ್ಟು ಹೋಗಿದ್ದರು. ಬದುಕಿದವರ ಮನೆಗೆ ಸಾವಿನ ಅಪಶಕುನ ಆಗಿದೆ, ಇದು ಕಳೆಯುವತನಕ ಮಗಳನ್ನು ಕಳಿಸುವುದಿಲ್ಲ. ಶ್ರಾವಣದಲ್ಲಂತೂ ಇಲ್ಲ. ಗೌರಿ ಹಬ್ಬ ಆಗಲಿ, ದಸರಾ ಆಗಲಿ, ಆಮೇಲೆ ನೋಡೋಣ. ತಾಯಿ ಅದನ್ನು ಹೇಳಿದಾಗ ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ನೀವೊಂದ್ ಮಾತ್ ಯೋಳಿ ಮೇಷ್ಟ್ರೇ. ನಿಮ್ ಮಾತ್ ಕೇಳ್ತಾರೆ."

ಯಾಕೆ ಕೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಒಂದೆರಡು ದಿನ ಬಿಟ್ಟು ಹೋದೆ. ಮಾವನವರು ಜಗಲಿಯಲ್ಲೇ ಇದ್ದರು. ಮೊದಲು ನನ್ನ ಕಾಲು ನೋಡಿದರು.

"ನಡ್ಕಂಡ್ ಬಂದ್ರಾ?"

"ನಡೆದೇ ಬಂದೆ."

"ಒಳ್ಳೇದಾಯ್ತು. ನೀರು?"

ಚೊಂಬು ಪೂರ್ತಿ ಕುಡಿದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ಆಮೇಲೆ ಓಟದ ಪಂದ್ಯವೆಂದರೇನು ಎಂದು ವಿವರಿಸಿದೆ. ದೇಹಕ್ಕೆ ಒಳ್ಳೆಯದು ಎಂದೆ. ದಿನಾ ಉಳುವವನಿಗೆ ಅದೆಂಥ ದೇಹ ಎಂದರು. ಬೆಳ್ಳಿಯ ಲೋಟ ಕೊಡುತ್ತಾರೆ ಎಂದೆ.

"ಮದ್ವೇಲಿ ನಾವೇ ಕೊಟ್ಟಿವಲ್ಲ ಮೇಷ್ಟ್ರೇ, ಬೆಳ್ಳಿ ಲೋಟ. ಅದಕ್ಯಾಕೆ ಓಡ್ಬೇಕು?"

ಆಗ ನಾನು, ಬಹಳ ಹಿಂದೆ ದೂರದ ಗ್ರೀಸ್ ದೇಶದಲ್ಲಿ ಯುದ್ಧ ಗೆದ್ದ ಸುದ್ದಿ ಹೇಳಲು ಒಬ್ಬ ದೂತ ಊರಿಗೆ ಓಡಿ ಬಂದ ಕಥೆ ಹೇಳಿದೆನಂತೆ.

"ಬಂದು?"

"ಗೆದ್ದೆವು ಎಂದು ಹೇಳಿ, ಅಲ್ಲೇ ಬಿದ್ದು ಪ್ರಾಣ ಬಿಟ್ಟ."

"ನೋಡಿದ್ರಾ, ನಾನ್ ಯೋಳಿದ್ದೂ ಅದೇಯ. ಓಡ್ಕಂಡ್ ಬಂದೋನು ಸಾವು ತಂದೇ ತತ್ತಾನೆ."

ನಿಜವಾಗಿ ಅಷ್ಟು ಮೂರ್ಖತನ ಮಾಡಿದೆನೇ, ಅಥವಾ ಎಷ್ಟೋ ವರ್ಷದ ಮೇಲೆ ಯಾವುದೋ ಹರಟೆಯಲ್ಲಿ ಈ ಮಾತು ಸೇರಿಕೊಂಡಿತೇ? ಹೇಳಲಾರೆ. ಜನ ಬಹಳ ನಗುವ ಜಾಗ ಇದು. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಆದರೆ ಇದರ ನಂತರದ್ದು ಚೆನ್ನಾಗಿ ನೆನಪಿದೆ. ಒಳಗೆ ರಾಗಿ ಬೀಸುವ ಕಲ್ಲಿನ ಸದ್ದು ನಿಂತುಹೋಗಿತ್ತು. ಬಾಗಿಲ ಹಿಂದಿನಿಂದ ಅತ್ತೆಯವರು ಮಾತಾಡಿದರು.

"ಓಡಿದ್ದು ಸಾಯ್ಲಿ. ಅಳಿಯಂದ್ರು ನಮ್ಮನೆ ನೀರು ಬ್ಯಾಡ ಅಂದ್ರಲ್ಲ, ಅದುನ್ನ ಊರೆಲ್ಲ ನೋಡೈತೆ."

ಮಾವ ತೀರ್ಮಾನ ಹೇಳಿದರು. ಊರು ನೋಡಿದ್ದನ್ನು ಊರ ಮುಂದೆಯೇ ಸರಿಮಾಡಬೇಕು. ಪಂದ್ಯದ ದಿನ ಅಳಿಯ ಇದೇ ರಸ್ತೆಯಲ್ಲಿ ಬರಲಿ, ಎಲ್ಲರ ಕಣ್ಣೆದುರಿಗೆ ಈ ಮನೆಯ ನೀರು ಕುಡಿಯಲಿ. ಆಗ ಅಪಶಕುನ ಕಳೆಯುತ್ತದೆ, ಶ್ರಾವಣದಲ್ಲಿ ಹುಡುಗಿಯನ್ನು ಕಳಿಸಬಹುದು. ಇಷ್ಟಕ್ಕೆ ಒಪ್ಪಿದರು. ಅತ್ತೆಯವರು ಒಳಗಿನಿಂದಲೇ ಇನ್ನೊಂದನ್ನು ಸೇರಿಸಿದರು: ಆಷಾಢ ಆಷಾಢವೇ. ಮನೆ ಮುಂದೆ ನಿಲ್ಲಕೂಡದು. ಕುಡಿದರೆ ಓಡಿಕೊಂಡೇ ಕುಡಿಯಬೇಕು.

ಪಂದ್ಯದ ಬೆಳಗ್ಗೆ ಮೋಡ ಕವಿದಿತ್ತು. ಓಡಲು ಬಂದವರಲ್ಲಿ ಚನ್ನರಾಯಪಟ್ಟಣದ ಒಬ್ಬ ಜವಳಿ ವ್ಯಾಪಾರಿಯ ಮಗ ಇದ್ದ; ನೀನು ಮಗ್ಗುಲ ಬೀದಿಗೂ ಓಡಲಾರೆ ಎಂದು ಅವನ ತಂದೆ ಹೇಳಿದ್ದರಂತೆ, ಅದಕ್ಕೆ ಬಂದಿದ್ದ. ಹೊಳೆನರಸೀಪುರದ ಕಚೇರಿಯ ಗುಮಾಸ್ತರೊಬ್ಬರು, ಓಡುತ್ತಾ ಮೊಸಳೆಯತನಕ ಹೋದರೆ ಮನೆಗೆ ಅರ್ಧ ದಾರಿ ಆಯಿತಲ್ಲ, ಅಲ್ಲಿಂದ ಹಾಗೇ ಊರಿಗೆ ಹೋಗುತ್ತೇನೆ ಎಂದರು. ಹಾಗೇ ಮಾಡಿದರು ಕೂಡ. ನನ್ನ ಗೆಳೆಯ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ, ಮಾವನ ಮನೆಯ ನೀರಿಗೆ ಹೊಟ್ಟೆಯಲ್ಲಿ ಜಾಗ ಇರಬೇಕಲ್ಲ ಎಂದು.

ಹೋಗುವಾಗ ಆ ಹಳ್ಳಿಯ ರಸ್ತೆಯ ಬದಿಗೆ ಜನ ಸಾಲಾಗಿ ನಿಂತಿದ್ದರು. ಮಾವನವರು ಒಂದು ಹೆಜ್ಜೆ ಮುಂದೆ ನಿಂತು ದೊಡ್ಡ ಲೋಟದಲ್ಲಿ ಪಾನಕ ಹಿಡಿದಿದ್ದರು. ನಾವು ಇನ್ನೂ ಗುಂಪಾಗಿ ಓಡುತ್ತಿದ್ದೆವು. ಅವನು ಕೈ ಚಾಚಿದ. ಜವಳಿ ವ್ಯಾಪಾರಿಯ ಮಗ ತನಗೇ ಕೊಡುತ್ತಿದ್ದಾರೆಂದು ತಿಳಿದು ಲೋಟ ಕಸಿದುಕೊಂಡು, ಅರ್ಧ ಕುಡಿದು, ಅರ್ಧ ತಲೆಗೆ ಸುರಿದುಕೊಂಡು, "ದ್ಯಾವ್ರಂಥೋರು ಕಣಪ್ಪಾ ನೀವು" ಎಂದು ಕೂಗಿ ಮುಂದೆ ಹೋದ. ಹಿಂದಿನವರು ತಳ್ಳಿದರು. ನಿಲ್ಲುವಂತಿಲ್ಲ. ನನ್ನ ಗೆಳೆಯ ಒಣ ಬಾಯಿಯಲ್ಲೇ ಊರು ದಾಟಿಬಿಟ್ಟ.

"ಎರಡ್ನೇ ಸಲಾನೂ ನೀರ್ ಬ್ಯಾಡ ಅಂದಂಗಾಯ್ತಲ್ಲ ಸಾ," ಎಂದು ಅಳುವ ದನಿಯಲ್ಲಿ ಹೇಳಿದ.

"ಬರುವಾಗ ಇದೆಯಲ್ಲ."

"ಬರೋವಾಗ ಅವ್ರು ಬಾಗ್ಲು ಆಕ್ಕಂಡ್ರೆ?"

ಆ ಭಯವೇ ಅವನನ್ನು ಮೊಸಳೆಯತನಕ ಎಳೆದುಕೊಂಡು ಹೋಯಿತು. ಗುಡಿ ಸುತ್ತುವಾಗ ಅವನಿಗಿಂತ ಮುಂದೆ ಇಬ್ಬರೋ ಮೂವರೋ ಇದ್ದರು. ಹಿಂತಿರುಗುವಾಗ ಒಬ್ಬನನ್ನು ಹಿಂದೆ ಹಾಕಿದ. ಹೀಗೇ ಓಡಿದರೆ ಲೋಟ ಇವನದೇ ಎಂದು ನನಗೆ ಅನ್ನಿಸಿತು. ನಾನು ಬಹಳ ಹಿಂದೆ ಬಿದ್ದಿದ್ದೆ, ಆದರೆ ಆ ಊರಿನ ಹತ್ತಿರ ರಸ್ತೆ ನೆಟ್ಟಗಿದ್ದುದರಿಂದ ಎಲ್ಲವೂ ಕಾಣುತ್ತಿತ್ತು.

ಬಾಗಿಲು ಹಾಕಿರಲಿಲ್ಲ. ಸಾಲಿನಿಂದ ಒಬ್ಬ ಹುಡುಗಿ ಚೊಂಬು ಹಿಡಿದು ರಸ್ತೆಗೆ ಇಳಿದಳು. ಅವನು ಅವಳನ್ನು ಕಂಡದ್ದೇ ತಡ, ನಿಲ್ಲಲು ಹೋದ. ಅವಳು ನಿಲ್ಲಲು ಬಿಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವನ ಪಕ್ಕದಲ್ಲಿ ತಾನೂ ಓಡತೊಡಗಿದಳು. ಹೊಸ ಮದುಮಗಳು, ತುಂಬಿದ ಊರ ಮುಂದೆ. ಓಡುತ್ತಾ ಚೊಂಬನ್ನು ಅವನ ಬಾಯಿಗೆ ಎತ್ತಿದಳು. ಅವನು ಕುಡಿದ, ಕೆಮ್ಮಿದ, ಮತ್ತೆ ಕುಡಿದ. ಪಾನಕ ಅವನ ಎದೆಯ ಮೇಲೆಲ್ಲ ಹರಿಯಿತು. ಅಷ್ಟು ಹೊತ್ತೂ ಅವಳು ಬಯ್ಯುತ್ತಿದ್ದಳು.

"ಓಡಿ, ನಿಂತ್ಗಬ್ಯಾಡಿ, ಅವ್ವ ನೋಡ್ತಾವ್ಳೆ. ಪೂರಾ ಕುಡೀರಿ. ಎಮ್ಮೆ ಕಲಗಚ್ಗಿಂತ ವಾಸಿ ಐತಾ? ಇದೇನ್ ವೇಸ ನಿಮ್ದು, ಮೊಣಕಾಲ್ ಮ್ಯಾಗಿನ್ ಚಡ್ಡಿ, ನಮ್ಮೂರಾಗೆ ನಾನ್ ತಲೆ ಎತ್ತಂಗಿಲ್ಲ."

ಇದನ್ನು ನಾನು ನನ್ನ ಕಿವಿಯಿಂದ ಕೇಳಿದಂತೆಯೇ ನೆನಪಿದೆ. ಆದರೆ ಅಷ್ಟು ಹಿಂದಿದ್ದ ನನಗೆ ಹೇಗೆ ಕೇಳಿಸಿತು? ಅವನು ಆಮೇಲೆ ಹೇಳಿರಬೇಕು. ಒಂದು ಸಲ ಹೇಳುವಾಗ ಕಲಗಚ್ಚಿನ ಮಾತು ಇತ್ತು, ಇನ್ನೊಂದು ಸಲ ಇರಲಿಲ್ಲ. ನಾನು ಕಣ್ಣಾರೆ ಕಂಡದ್ದು ಇಷ್ಟೇ: ಚೊಂಬು ಬರಿದಾದ ಮೇಲೂ ಅವಳು ಸ್ವಲ್ಪ ದೂರ ಓಡಿದಳು. ಸಾಲಿನಲ್ಲಿದ್ದ ಅತ್ತೆಯವರು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು, ಆದರೆ ಅವರ ಭುಜ ಕುಲುಕುತ್ತಿತ್ತು. ಯಾರೋ ಏನೋ ಅಂದದ್ದಕ್ಕೆ ಮಾವನವರು, "ಬುಡ್ರಲಾ, ರಸ್ತೇಗೆಲ್ಲೈತೆ ವಸ್ಲು?" ಅಂದದ್ದನ್ನು ಮಾತ್ರ ನಾನೇ ಕೇಳಿದೆ, ಯಾಕೆಂದರೆ ಆಗ ನಾನು ಅವರ ಮುಂದೆಯೇ ಹಾದು ಹೋಗುತ್ತಿದ್ದೆ. ನನಗೂ ಒಂದು ಲೋಟ ಕೊಟ್ಟರು. ಪುಸ್ತಕವನ್ನು ಮರೆತು ಕುಡಿದೆ.

ಹಾಸನ ಕಾಣುವ ಏರಿನಲ್ಲಿ ಅವನು ಸಿಕ್ಕಿದ. ಖಾಲಿ ಹೊಟ್ಟೆಗೆ ಒಂದು ಚೊಂಬು ಪಾನಕ ಬಿದ್ದು ಪಕ್ಕೆ ಹಿಡಿದುಕೊಂಡಿತ್ತು. ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡು ನಡೆಯುತ್ತಿದ್ದ. ಒಬ್ಬೊಬ್ಬರೇ ಅವನನ್ನು ದಾಟಿ ಹೋಗುತ್ತಿದ್ದರು. ಅವನು ಎಲ್ಲರಿಗೂ ದಾರಿ ಬಿಟ್ಟು ನಗುತ್ತಿದ್ದ.

"ಏನಪ್ಪಾ, ಬೇಜಾರಾಗಿದ್ದಾಳೆಯೇ?"

"ಬೋ ಬೇಜಾರಾಗವ್ಳೆ ಸಾ," ಎಂದ, ಮುಖ ತುಂಬ ನಕ್ಕು. "ಎಂಗ್ ಬೈದ್ಲು ಅಂತೀರಿ. ನೀವ್ ಓಗಿ ಸಾ, ನಾನ್ ಬತ್ತೀನಿ."

ನಾನು ಐದನೆಯವನೋ ಆರನೆಯವನೋ ಆಗಿ ಮುಟ್ಟಿದೆ. ಅವನು ಬರುವಾಗ ಚಪ್ಪರದ ಹಗ್ಗ ಬಿಚ್ಚುತ್ತಿದ್ದರು.

ಮಾವನವರು ಮಾತಿಗೆ ತಪ್ಪಲಿಲ್ಲ. ಶ್ರಾವಣದ ಮೊದಲ ವಾರದಲ್ಲೇ ಅವಳು ಬಂದಳು. ಅಂದಿನಿಂದ ಅವನು ಓಡುವುದನ್ನು ಬಿಟ್ಟ. ಸಂಜೆ ಅವನ ಹಳ್ಳಿಯ ಹತ್ತಿರ ಹೋದಾಗ ನಾನು ಒಂದು ಕ್ಷಣ ನಿಧಾನ ಮಾಡುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಒಂದು ದಿನ ರಸ್ತೆ ಪಕ್ಕದ ಹೊಲದಲ್ಲಿ ಇಬ್ಬರೂ ಕಳೆ ಕೀಳುತ್ತಿದ್ದರು. ನನ್ನನ್ನು ಕಂಡು ಅವಳು ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅವನು ನಕ್ಕು ಬದುವಿನ ಹತ್ತಿರ ಬಂದ.

"ಮೇಷ್ಟ್ರೇ, ಇವ್ಳು ಕೇಳ್ತಾವ್ಳೆ. ಆ ಕಡೆ ಊರಾಗೆ ನಿಮ್ಗೆ ಯಾರವ್ರೆ ಅಂತ."

ಆಗ ನನಗೆ ಮದುವೆಯಾಗಿರಲಿಲ್ಲ. ಯಾರೂ ಇಲ್ಲವಲ್ಲಪ್ಪಾ ಎಂದೆ.

ಅವನು ಹಿಂದೆ ತಿರುಗಿ, "ಯಾರೂ ಇಲ್ವಂತೆ ಕಣೇ," ಎಂದು ಕೂಗಿದ. ಅವಳು ಬಗ್ಗಿದ್ದವಳು ಎದ್ದು ನಿಂತಳು. ಸುಳ್ಳು ಹೇಳುವವರನ್ನು ನೋಡುವಂತೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಹನಿ ಬೀಳತೊಡಗಿತ್ತು, ಕತ್ತಲೆಗೆ ಇನ್ನೂ ಹೊತ್ತಿತ್ತು. ಕೈ ಮುಗಿದು ಮುಂದಕ್ಕೆ ಓಡಿದೆ.